ತೆಳು ನೀರಿನ ಅಲೆ

ನನ್ನ ಗಂಡ ಶಾಲೆಯ ಭೌತಶಾಸ್ತ್ರದ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಅಟೆಂಡರ್ ಆಗಿದ್ದರು. ಅಲೆಯ ಹುಚ್ಚು. ಬಟ್ಟೆ ನೆನೆಸಿಟ್ಟ ಬೋಗುಣಿಯನ್ನೂ ಬಿಡದೆ ಬೆರಳಿನಿಂದ ತಟ್ಟುತ್ತಿದ್ದರು. "ಕೈ ತೆಗೀರಿ, ಒಗೀಬೇಕು" ಎಂದರೆ, "ತಡಿಯೇ, ಅಲೆ ಹೇಗೆ ತಿರುಗುತ್ತೆ ನೋಡು" ಅನ್ನುವರು. ನಾನು ಓದಿದ್ದು ನಾಲ್ಕನೇ ತರಗತಿ. ನೋಡಲಿಲ್ಲ.

ಅವರು ತೀರಿಹೋದ ಮೂರು ತಿಂಗಳಿಗೆ ಆ ಕೆಲಸ ನನಗೆ ಕೊಟ್ಟರು, ತಾತ್ಕಾಲಿಕವಾಗಿ. ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಲ್ಯಾಬಿನಲ್ಲೂ ನಿಲ್ಲಲಿಲ್ಲ. ಒರೆಸಿದ ಮೇಜನ್ನೇ ಒರೆಸುತ್ತಿದ್ದೆ.

ಮೊನ್ನೆ ಪಾಠದ ಮೇಡಂ ಹೇಳಿದರು: "ನಾಳೆ ಮಕ್ಕಳಿಗೆ ವಕ್ರೀಭವನ, ವಿವರ್ತನೆ ಎರಡೂ ತೋರಿಸ್ಬೇಕು. ಅಲೆತೊಟ್ಟಿ ರೆಡಿ ಮಾಡ್ತೀರೇನಮ್ಮ? ಆಗಲ್ಲಾಂದ್ರೆ ಹೇಳಿಬಿಡಿ. ನಿಮ್ಮನ್ನ ಗುಡಿಸೋ ಕೆಲಸಕ್ಕೆ ಹಾಕಿ ಬೇರೆಯವರನ್ನ ಕರೆಸ್ತಾರೆ."

ಇದ್ದದ್ದನ್ನೇ ಹೇಳಿದರು. ಆದರೆ ಲ್ಯಾಬಿನ ಕಪಾಟಿನೊಳಗೆ ನನ್ನವರ ಅಂಗಿ ಇನ್ನೂ ನೇತಾಡುತ್ತಿದೆ. ಆ ಬೀಗದ ಕೈಯನ್ನು ಬೇರೆಯವರಿಗೆ ಕೊಡಲಾರೆ.

ಮರುದಿನ ಬೆಳಿಗ್ಗೆ ಏಳಕ್ಕೇ ಹೋದೆ. ಗಾಜಿನ ತಳದ ತೊಟ್ಟಿಗೆ ನೀರು ಹಾಕಿ, ಒಳಗೆ ಗಾಜಿನ ಹಲಗೆಯನ್ನು ಓರೆಯಾಗಿ ಇಟ್ಟೆ. ಮೇಲೆ ದೀಪ, ಕೆಳಗೆ ಬಿಳಿ ಹಾಳೆ. ಮೋಟಾರಿನ ಪಟ್ಟಿ ನೀರನ್ನು ತಟ್ಟಿತು. ಹಾಳೆಯ ಮೇಲೆ ಅಲೆಯ ಗೆರೆಗಳು ನೆಟ್ಟಗೆ ಹೋದವು, ಹಲಗೆ ಇರುವುದೇ ಗೊತ್ತಿಲ್ಲದ ಹಾಗೆ. ಹಲಗೆ ತಿರುಗಿಸಿದೆ. ದೀಪ ಎತ್ತರಿಸಿದೆ. ಅವರನ್ನೇ ಬೈದೆ. "ಹೋಗೋ ಮುಂಚೆ ಇದೊಂದು ಹೇಳಿ ಹೋಗಬಾರದಿತ್ತೇನ್ರೀ?"

ಹೇಳಿದ್ದರು. ಬೋಗುಣಿಯ ಮುಂದೆ ಕೂತು.

"ಅಕ್ಕಪಕ್ಕ ಸಾಲಾಗಿ ಕೈ ಹಿಡ್ಕೊಂಡು ನಡೀತಿದ್ದೀವಿ ಅಂದ್ಕೋ. ನಿನ್ನ ಕಾಲು ಮೊದಲು ಕೆಸರಿಗೆ ಬಿತ್ತು. ನೀನು ನಿಧಾನ, ನಾನು ಜೋರು. ಸಾಲು ನಿನ್ನ ಕಡೆ ತಿರುಗಲ್ವೇನೇ? ಆಳ ಇಲ್ಲದ ತೆಳು ನೀರೇ ಅಲೆಗೆ ಕೆಸರು."

"ಕೆಸರಿಗೆ ಬೀಳೋಳು ನಾನೇ ಯಾಕೆ?" ಎಂದು ಜಗಳ ತೆಗೆದಿದ್ದೆ.

ನನ್ನ ತೊಟ್ಟಿಯಲ್ಲಿ ಕೆಸರೇ ಇರಲಿಲ್ಲ. ಹಲಗೆಯ ಮೇಲೆ ಎರಡು ಬೆರಳು ನೀರು. ಲೋಟದಲ್ಲಿ ನೀರು ತೋಡಿ ತೆಗೆಯುತ್ತಾ ಹೋದೆ, ಹಲಗೆ ಮುಳುಗಿಯೂ ಮುಳುಗದಷ್ಟು. ಗೆರೆಗಳು ಅದರ ಅಂಚಿಗೆ ಬಂದು ಒತ್ತೊತ್ತಾಗಿ ಬಾಗಿದವು. ಅದೇ ವಕ್ರೀಭವನ.

ಮೇಡಂ ಬರುವಷ್ಟರಲ್ಲಿ ಹಲಗೆ ತೆಗೆದು, ಎರಡು ತಡೆ ನಿಲ್ಲಿಸಿ, ನಡುವೆ ಕಿರುಬೆರಳಷ್ಟು ಸಂದಿ ಬಿಟ್ಟಿದ್ದೆ. ಅಲೆ ಅದರಲ್ಲಿ ನುಸುಳಿ ಬೀಸಣಿಗೆಯಂತೆ ಹರಡುತ್ತಿತ್ತು. ಇದೇ ವಿವರ್ತನೆ, ಇದನ್ನೂ ಅವರೇ ಹೇಳಿದ್ದರು.

"ಅರೆ, ಯಾರಮ್ಮ ಹೇಳ್ಕೊಟ್ಟಿದ್ದು?"

"ಮನೇಲಿ" ಎಂದೆ.

"ಇನ್ಮೇಲೆ ತೊಟ್ಟಿ ನಿಮ್ಮದೇ ಬಿಡಿ" ಎಂದರು.

ಮಕ್ಕಳೆಲ್ಲ ಹೋದ ಮೇಲೆ ಮೋಟಾರು ನಿಲ್ಲಿಸಲಿಲ್ಲ. ಕಪಾಟು ತೆಗೆದು, ಅವರ ಅಂಗಿಗೆ "ನೋಡಿದೆ ಕಣ್ರೀ" ಎಂದೆ. ಕೂರಲಾಗಲಿಲ್ಲ. ಒರೆಸಿದ ಮೇಜನ್ನು ಮತ್ತೆ ಒರೆಸಿದೆ.