ಭಟ್ಕಳದ ದೊಡ್ಡ ಪಾಲುದಾರ

ಆ ಭಾನುವಾರ ಹೊನ್ನಾವರದ ನಮ್ಮ ಮನೆಗೆ ಬಂದ ಮಾವ ಚಪ್ಪಲಿ ಬಿಡುವ ಮೊದಲೇ ಷೇರಿನ ಮಾತು ತೆಗೆದ. ಅವನು ಅಮ್ಮನ ತಮ್ಮ. ಭಟ್ಕಳದಲ್ಲಿ ಕೇಬಲ್ ಟಿವಿ, ಇಂಟರ್ನೆಟ್ ಸಂಪರ್ಕ ಕೊಡುವ ಕೆಲಸ. ಕೇಬಲ್ ಮೋಡೆಮ್ ತಯಾರಿಸುವ ಒಂದು ಕಂಪನಿಯ ಷೇರು ಪೇಟೆಗೆ ಬರುವ ಮೊದಲೇ ಏಜೆಂಟನೊಬ್ಬನ ಮೂಲಕ ಸಿಗುತ್ತದಂತೆ. ಬಿಡಿಯಾಗಿ ಕೊಡುವುದಿಲ್ಲ, ದೊಡ್ಡ ಗಂಟೇ ಕೊಳ್ಳಬೇಕು. ಅದಕ್ಕೆ ಅಕ್ಕನೂ ಸೇರಬೇಕು. ಅಮ್ಮ ಶಾಲೆಯಿಂದ ನಿವೃತ್ತಳಾದಾಗ ಬಂದ ಹಣ ಬ್ಯಾಂಕಿನಲ್ಲಿತ್ತು. ಅವಳ ಬಳಿ ಇದ್ದದ್ದು ಅಷ್ಟೇ.

"ನೀ ಬರದಿದ್ರೆ ನಂದೂ ಆಗೂದಿಲ್ಲ ಅಕ್ಕ. ಶುಕ್ರವಾರದೊಳಗೆ ಹೇಳ್ಬೇಕು."

"ನಿಂಗೆ ಇದರ ಮೇಲೆ ಎಂತ ಅಷ್ಟು ನಂಬಿಕೆ?"

"ಏಳು ಕಡೆ ಪಾರ್ಟ್ನರ್ ಇದ್ದಾರೆ ಅವ್ರಿಗೆ. ನಮ್ಮ ಭಟ್ಕಳದಲ್ಲೇ ಒಬ್ಬ ದೊಡ್ಡವ ಇದ್ದಾನೆ. ಯಾರಂತ ಗೊತ್ತಾಗ್ಲಿಲ್ಲ. ನಾಳೆ ಅವ ನನ್ನ ಗಿರಾಕಿಗಳನ್ನೆಲ್ಲ ಎಳ್ಕೊಂಡ್ರೆ, ಷೇರಿಂದಾದ್ರೂ ಏನಾರು ಬರ್ಲಿ."

ಇಷ್ಟೂ ಹೊತ್ತು ಅವನು ನನ್ನ ಕಡೆ ನೋಡಲಿಲ್ಲ. ನಾನು ಕುಮಟಾದಲ್ಲಿ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಒಬ್ಬರನ್ನು ಸೇರಿಸಿಕೊಟ್ಟವರಿಗೆ ಏಜೆಂಟರು ಕಮಿಷನ್ ಕೊಡುವುದು ನನಗೆ ತಿಳಿಯದ್ದಲ್ಲ. ಮಾವನಿಗೂ ಕೊಡುತ್ತಿರಬೇಕು ಎಂದುಕೊಂಡೆ. ಕಂಪನಿಯ ಪುಸ್ತಿಕೆಯನ್ನು ಫೋನಿಗೆ ಕಳಿಸಲು ಮಾತ್ರ ಕೇಳಿದೆ.

ಮರುದಿನ ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಅದನ್ನು ಓದಿದೆ. ಕಂಪನಿ ಎಷ್ಟು ಮೋಡೆಮ್ ಮಾರಿದೆ ಎಂಬುದು ಎಲ್ಲೂ ಇರಲಿಲ್ಲ. ಪಾಲುದಾರರಿಗೆ ಮಾತ್ರ ಎರಡು ಪುಟ ಕೊಟ್ಟಿದ್ದರು. ಒಬ್ಬರ ಹೆಸರೂ ಇಲ್ಲ, ಬರೀ ವರ್ಣನೆ. ಭಟ್ಕಳದ ಎದುರು ಇಂಗ್ಲಿಷಿನಲ್ಲಿ ಹೀಗಿತ್ತು: ಕರಾವಳಿಯಲ್ಲಿ ಬೇರೂರಿದ, ಸಾವಿರಾರು ಮನೆಗಳನ್ನು ತಲುಪಬಲ್ಲ ಜಾಲ ಸಂಸ್ಥೆ. ತಲುಪಿದ ಎಂದಿಲ್ಲ, ತಲುಪಬಲ್ಲ. ಇದೇ ಕಸುಬಿನಲ್ಲಿರುವ ಮಾವನಿಗೆ ಇದು ಕಾಣದಿರಲಾರದು ಎನಿಸಿ, ಅವನ ಮೇಲಿನ ನನ್ನ ಸಂಶಯ ಗಟ್ಟಿಯಾಯಿತು. ಬುಧವಾರ ರಜೆ ಹಾಕಿ ಭಟ್ಕಳದ ಬಸ್ಸು ಹತ್ತಿದೆ. ಮಾವನಿಗೆ ಮೊದಲೇ ಫೋನ್ ಮಾಡಲಿಲ್ಲ.

ಅಂಗಡಿಯಲ್ಲಿ ಮಾವ ನೆಲದ ಮೇಲೆ ಕೂತು ಫೈಬರ್ ತಂತಿಯ ಸುರುಳಿ ಬಿಚ್ಚುತ್ತಿದ್ದ.

"ಎಂತದೇ, ಹೇಳದೆ ಕೇಳದೆ? ರೇಡ್ ಮಾಡೂಕೆ ಬಂದ್ಯಾ?"

"ಹೌದು," ಎಂದೆ. ಅವನು ನಕ್ಕ. ನಾನು ನಗಲಿಲ್ಲ.

ಅವನ ಹಿಂದೆ ಗೋಡೆಗೆ ಒತ್ತಿ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಮೇಲೆ ಆ ಕಂಪನಿಯದೇ ಗುರುತು. ಒಳಗೆ ಮೋಡೆಮ್‌ಗಳು, ಹೆಚ್ಚಿನವು ಪ್ಲಾಸ್ಟಿಕ್ ಕೂಡ ತೆಗೆಯದವು.

"ಇದೆಂತ ಮಾವ?"

"ಅದಾ? ಹೋದ ವರ್ಷ ಅವರ ಹುಡುಗ ಬಂದು ಪುಕ್ಕಟೆ ಕೊಟ್ಟು ಹೋದ, ಟ್ರಯಲ್‌ಗೆ. ಇಲ್ಲೇ ತೆಂಗಿನಗುಂಡಿ ಊರಲ್ಲಿ ಎರಡು ಮನೆಗೆ ಹಾಕಿದ್ದೆ. ಈಗ ಎಲ್ಲರಿಗೂ ಫೈಬರೇ ಬೇಕು. ಕೇಬಲ್ ಮೋಡೆಮ್ ಯಾರಿಗೆ ಬೇಕು?"

ಹೇಳಿ ಮುಗಿಸಿದ ಮೇಲೂ ಆ ಮಾತು ಅವನಿಗೆ ತಟ್ಟಲಿಲ್ಲ. ಆಗ ಏನಾದರೂ ಸಹಿ ಹಾಕಿದ್ದೆಯಾ ಎಂದು ಕೇಳಿದೆ. "ಮೋಡೆಮ್ ಸಿಕ್ಕಿದ್ದಕ್ಕೆ ರಸೀದಿ ಅಂದ, ಓದ್ಲಿಲ್ಲ," ಎಂದು ಡ್ರಾಯರಿನಿಂದ ಒಂದು ಹಾಳೆ ತೆಗೆದುಕೊಟ್ಟ. ಇಂಗ್ಲಿಷಿನಲ್ಲಿತ್ತು. ಈ ಮೋಡೆಮ್‌ಗಳನ್ನು ಪಡೆದವರು ಕಂಪನಿಯ ಉದ್ಯಮ ಪಾಲುದಾರರು ಎಂದು ಅದರಲ್ಲಿ ಬರೆದಿತ್ತು. ಪಾಲುದಾರರ ವಿವರದ ಜಾಗದಲ್ಲಿ ಪುಸ್ತಿಕೆಯ ಸಾಲು, ಒಂದಕ್ಷರ ಆಚೀಚೆ ಇಲ್ಲದೆ. ಕೆಳಗೆ ಮಾವನ ಸಹಿ.

ಪುಸ್ತಿಕೆಯ ಆ ಪುಟ ತೆರೆದ ನನ್ನ ಫೋನನ್ನೂ ಹಾಳೆಯನ್ನೂ ಅವನ ಮುಂದೆ ಜೊತೆಗಿಟ್ಟೆ. "ಮಾವ, ಭಟ್ಕಳದ ಆ ದೊಡ್ಡವ ನೀನೇ."

ಅವನು ಬೆರಳಿಟ್ಟು ಎರಡನ್ನೂ ಓದಿದ. ನಾಚಿಕೊಳ್ಳಬಹುದು, ಇಲ್ಲವೆ ನನ್ನ ಮೇಲೆ ರೇಗಬಹುದು ಎಂದುಕೊಂಡಿದ್ದೆ. ಎದ್ದು ಅಂಗಿಯ ಧೂಳು ಕೊಡವಿಕೊಂಡ.

"ಸಾವಿರಾರು ಮನೆ ಅಂತ ಬರ್ದಿದ್ದಾರಾ ನನ್ನ ಬಗ್ಗೆ? ಹಂಗಾದ್ರೆ ಇನ್ನೂ ಒಳ್ಳೇದೇ ಆತಲ್ಲ. ನಮ್ಮದೇ ಕಂಪನಿ ಇದ್ದಂಗೆ!"

"ಉಳಿದ ಆರು ಜನರೂ ನಿನ್ನ ಹಾಗೇ ಇದ್ದರೆ?"

"ನನ್ನಂಥವರು ಆರು ಜನ ಇದ್ರೆ ಕಂಪನಿ ಮುಳುಗೂದು ಹೌದಾ?" ಎಂದು ನನ್ನ ಫೋನ್ ಎತ್ತಿಕೊಂಡು ಪಕ್ಕದ ಅಂಗಡಿಯವರಿಗೆ ಆ ಸಾಲು ತೋರಿಸಲು ಹೋದ.

ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ಸಮಾಧಾನವಿರಲಿಲ್ಲ. ನಾನು ಸಂಶಯಪಟ್ಟ ಮನುಷ್ಯನಲ್ಲಿ ಕಪಟವಿರಲಿಲ್ಲ. ಕಪಟವಿದ್ದ ಕಡೆ ನಾನು ಬೆರಳು ಮಾಡಿ ತೋರಿಸಬಹುದಾದ ಒಂದು ಮುಖವೂ ಇರಲಿಲ್ಲ.

ಅಮ್ಮ ಬಾಗಿಲಲ್ಲೇ ಕೇಳಿದಳು. "ಅವ ನಮಗೆ ಮೋಸ ಮಾಡ್ತಿದ್ನಾ?"

"ಇಲ್ಲ."

"ಹಂಗಾದ್ರೆ ಕೊಡ್ಲಾ?"

ನನ್ನ ಉತ್ತರ ನಿಜವಾಗಿತ್ತು, ಆದರೆ ಅದರಿಂದ ಹೊರಟ ಪ್ರಶ್ನೆಗೆ ನಾನು ಸಿದ್ಧಳಾಗಿರಲಿಲ್ಲ. ಕೂರಿಸಿ ಎಲ್ಲವನ್ನೂ ಹೇಳಿದೆ, ಮಾವ ಫೋನ್ ಹಿಡಿದು ಪಕ್ಕದಂಗಡಿಗೆ ಹೋದದ್ದನ್ನೂ. ಅಮ್ಮ ಅಲ್ಲಿ ಮಾತ್ರ ನಕ್ಕಳು.

"ಅಷ್ಟು ಖುಷಿಯಲ್ಲಿದ್ದಾನಾ? ಅದನ್ನ ನಾನು ಹಾಳು ಮಾಡೂದಿಲ್ಲ. ದುಡ್ಡು ಮಾತ್ರ ಕೊಡೂದಿಲ್ಲ."

ಫೋನ್ ತೆಗೆದುಕೊಂಡು ಮಾವನಿಗೆ ಹೇಳಿದಳು. "ತಮ್ಮಾ, ಆ ದುಡ್ಡು ಈಗ ತೆಗೆಯೂಕೆ ಆಗೂದಿಲ್ಲ. ಇವಳಿಗೆ ಒಂದು ಸಂಬಂಧ ಬಂದದೆ."

ಯಾವ ಸಂಬಂಧವೂ ಬಂದಿರಲಿಲ್ಲ. ಅಮ್ಮ ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲಳೆಂದು ನನಗೆ ಆವರೆಗೆ ತಿಳಿದಿರಲಿಲ್ಲ. ಮಾವನ ದನಿ ನನಗೂ ಕೇಳುವಷ್ಟು ಜೋರಾಗಿತ್ತು.

"ಅಯ್ಯೋ, ಇಷ್ಟು ದೊಡ್ಡ ಸುದ್ದಿ ಇಟ್ಕೊಂಡು ಬರೀ ಕಾಗದ ನೋಡಿ ಹೋತಲ್ಲ ಇದು! ಹುಡುಗ ಯಾವೂರವ?"

ಅಮ್ಮ ಫೋನಿಗೆ ಅಂಗೈ ಅಡ್ಡ ಹಿಡಿದು ನನ್ನ ಮುಖ ನೋಡಿದಳು.

"ಕುಮಟಾ ಅನ್ನು," ಎಂದೆ.