ಅಳಿಸದೆ ತಿದ್ದಿದವರು

ಮಾನ್ಯ ಓದುಗರಲ್ಲಿ ಸವಿನಯ ವಿಜ್ಞಾಪನೆ. ಬರೆದು ಅಭ್ಯಾಸವಿಲ್ಲದ ನನ್ನ ಕಾಗುಣಿತವನ್ನೂ ಎಡಕ್ಕೆ ವಾಲುವ ಅಕ್ಷರಗಳನ್ನೂ ಕ್ಷಮಿಸಬೇಕಾಗಿ ಕೋರುತ್ತೇನೆ. ಫೋನಿನಲ್ಲಿ ಟೈಪ್ ಮಾಡಿದರೆ ಅದು ತನ್ನಿಷ್ಟದ ಪದ ಸೇರಿಸುವುದರಿಂದ ಕೈಯಲ್ಲೇ ಬರೆದು ಸಲ್ಲಿಸಿದ್ದೇನೆ.

ವಿಷಯ: ನಮ್ಮ ಸಂಪಾದಕರನ್ನು ಕುರಿತು.

ಸದರಿಯವರ ಬಲಗಿವಿಯ ಮೇಲೆ ಪೆನ್ನಿನ ಬದಲು ಸ್ಕ್ರೂಡ್ರೈವರ್ ಇರುತ್ತಿತ್ತು. ಅದರ ಅಯಸ್ಕಾಂತದ ತುದಿಗೆ ಯಾವುದೋ ಕಂಪ್ಯೂಟರಿನ ಒಂದೆರಡು ಸ್ಕ್ರೂ ಅಂಟಿಕೊಂಡಿರುತ್ತಿದ್ದವು. ಹಾಗೆಯೇ ಚಹಾಕ್ಕೆ, ಹಾಗೆಯೇ ಶುಕ್ರವಾರದ ನಮಾಜಿಗೆ ಹೊರಟುಬಿಡುತ್ತಿದ್ದರು. ಪುಲಿಕೇಶಿನಗರದ ಬೇಕರಿಯೊಂದರ ಮೇಲಿನ ಕೋಣೆಯಲ್ಲಿ, ಕಂಪ್ಯೂಟರ್ ಹುಚ್ಚಿನವರಿಗಾಗಿ ಅವರು ಕನ್ನಡದ ಸುದ್ದಿತಾಣ ನಡೆಸುತ್ತಿದ್ದರು. ಮನೆಮಾತು ದಖ್ಖನಿ ಉರ್ದುವಾದರೂ ನನ್ನ ಒತ್ತಕ್ಷರಗಳನ್ನು ತಿದ್ದುತ್ತಿದ್ದವರು ಅವರೇ. ಪರೀಕ್ಷೆಗೆ ಬಂದ ಹೊಸ ಲ್ಯಾಪ್‌ಟಾಪನ್ನು ಮೊದಲು ಬಿಚ್ಚಿ, ಆಮೇಲೆ ಆನ್ ಮಾಡುವುದು ಅವರ ಕ್ರಮ. "ಮುಖ ನೋಡಿ ಒಪ್ಪೋಕೆ ನಾವೇನು ಹೆಣ್ಣು ನೋಡೋಕೆ ಬಂದಿದೀವಾ? ಹೊಟ್ಟೇಲಿ ಏನಿದೆ ನೋಡಮ್ಮ" ಎನ್ನುತ್ತಿದ್ದರು.

ನಾನು ಅವರು ಹೇಳಿದ್ದನ್ನು ಫೋನಿನಲ್ಲಿ ಟೈಪ್ ಮಾಡುವ ತಾತ್ಕಾಲಿಕ ನೌಕರಳು. ಆರು ತಿಂಗಳು ತಪ್ಪಿಲ್ಲದೆ ಕಳೆದರೆ ಕೆಲಸ ಕಾಯಂ ಎಂಬುದು ಷರತ್ತು. ಐದನೆಯ ತಿಂಗಳಲ್ಲಿ ಒಂದು ಲೇಖನ ಹೇಳಿ ಬರೆಸಿದರು: ಪ್ರೊಸೆಸರ್ ಕಾಯದಂತೆ ಅದರ ಮೇಲೆ ಹಚ್ಚುವ ಪೇಸ್ಟ್ ಬಟಾಣಿಯಷ್ಟಿರಲಿ. ನನ್ನ ಫೋನು ಅದನ್ನು 'ಬಟ್ಟಲಿನಷ್ಟಿರಲಿ' ಎಂದು ಮಾಡಿತು. ನಾನು ಗಮನಿಸಲಿಲ್ಲ, ಅವರೂ ಓದದೆ ಪ್ರಕಟಿಸಿದರು.

ನಾಲ್ಕನೆಯ ದಿನ ಕೆ.ಆರ್. ಪುರದ ಓದುಗರೊಬ್ಬರು ಕಂಪ್ಯೂಟರನ್ನು ಸಿಮೆಂಟ್ ಚೀಲದಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದರು. ಒಳಗೆಲ್ಲ ಬೂದು ಪೇಸ್ಟು, ಮೊಸರನ್ನದಂತೆ. ಆದರೂ ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸಂಕೋಚವಿತ್ತು.

"ಇಡೀ ಎಸ್.ಪಿ. ರೋಡ್ ಸುತ್ತಿದ್ರೂ ಎಂಟೇ ಟ್ಯೂಬ್ ಸಿಕ್ತು ಸಾರ್. ಬಟ್ಟಲು ತುಂಬ್ಲಿಲ್ಲ. ಅದಕ್ಕೇ ಆನ್ ಆಗ್ತಿಲ್ವಾ?"

ಸಂಪಾದಕರು ಲೇಖನ ತೆರೆಯುವ ಮುನ್ನವೇ ನಾನು ಮೇಜಿನ ಮರೆಯಲ್ಲಿ ಆ ಪದವನ್ನು ಸದ್ದಿಲ್ಲದೆ ಬದಲಿಸತೊಡಗಿದೆ. ಅವರು ನನ್ನ ಕೈ ನೋಡಿದರು.

"ಅಳಿಸ್ಬೇಡಮ್ಮ. ಅಳಿಸಿದ್ರೆ ಇವರು ಸುಳ್ಳು ಹೇಳ್ದಂಗಾಗುತ್ತೆ."

ಹಳೆಯ ಪದದ ಮೇಲೆ ಗೆರೆ ಎಳೆಸಿ, ಪಕ್ಕದಲ್ಲಿ ಸರಿಯಾದುದನ್ನು ಸೇರಿಸಿ, ಕೆಳಗೆ 'ತಪ್ಪು ಓದದೆ ಪ್ರಕಟಿಸಿದ ಸಂಪಾದಕರದು' ಎಂದು ನನ್ನ ಕೈಯಿಂದಲೇ ಟೈಪ್ ಮಾಡಿಸಿದರು. ಬಳಿಕ ಮೂವರೂ ಕಿವಿಗೆ ಹಾಕುವ ಹತ್ತಿಕಡ್ಡಿ ಹಿಡಿದು ಸಂಜೆಯವರೆಗೆ ಪೇಸ್ಟ್ ತೆಗೆದೆವು. ಯಂತ್ರ ಆನ್ ಆಯಿತು.

ಇನ್ನು ಕೆಲಸ ಹೋಯಿತೆಂದುಕೊಂಡು ನಾನು ಬರೆದುಕೊಟ್ಟ ರಾಜೀನಾಮೆ ಪತ್ರವನ್ನು ಅವರು ಪೂರ್ತಿ ಓದಿದರು. ಎರಡು ಕಾಗುಣಿತ ತಿದ್ದಿ ಹಿಂದಿರುಗಿಸಿ, "ನಾಳೆಯಿಂದ ನಾನು ಬರೆಸಿದ್ದನ್ನೂ ನೀನೇ ಪರೀಕ್ಷೆ ಮಾಡು. ಕೆಲಸ ಕಾಯಂ" ಎಂದರು.

ಅವರು ತೀರಿಕೊಂಡಾಗ ಆ ಸುದ್ದಿಯನ್ನೂ ನಾನೇ ಟೈಪ್ ಮಾಡಬೇಕಾಯಿತು. ಐದು ಸಲ ಓದಿದೆ. ತಪ್ಪೊಂದು ಸಿಗಲೆಂದು ಹಂಬಲಿಸಿ ಓದಿದ್ದು ಅದೊಂದನ್ನೇ. ಎಲ್ಲವೂ ಸರಿಯಾಗಿಯೇ ಇತ್ತು.

ಈ ಬರಹವನ್ನು ಮಾತ್ರ ಯಾರಿಗೂ ತೋರಿಸಲಾಗಿಲ್ಲ. ಆದ್ದರಿಂದ ತಪ್ಪುಗಳು ಕಂಡಲ್ಲಿ ತಾವೇ ದಯಮಾಡಿ ತಿದ್ದಿಕೊಡಬೇಕಾಗಿ ವಿನಂತಿ.