ಡಾಬಕಾದ ಕುರಿಗೆ ನಾಯಿ ತೋರಿಸಿದ್ದು

ತಾನು ಈದ ಮರಿಯನ್ನೇ ಒದೆಯುವ ಕುರಿ ಪಶುವೈದ್ಯನಾದ ನನಗೆ ಹೊಸದಲ್ಲ. ಡಾಬಕಾ ಊರಿನಲ್ಲಿ ಹೊಸದೆನಿಸಿದ್ದು ಅಂಥ ಕುರಿಯೊಂದರ ಒಡೆಯರು. ಬದುವಿನ ಜಗಳಕ್ಕೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಂದೇ ಕುರಿದಡ್ಡಿಯಲ್ಲಿ ನಿಂತು, ನನ್ನ ಮೂಲಕ ಬೈದಾಡುತ್ತಿದ್ದರು.

“ಸಾಬ್, ಕುರಿ ಹಿಡಿ ಅಂತ ಅವನಿಗಿ ಹೇಳ್ರಿ,” ಎಂದ ಅಣ್ಣ.

“ನಾ ಹಿಡಿಯಲ್ಲ ಅಂತ ಹೇಳ್ರಿ,” ಎಂದ ತಮ್ಮ.

ಹಾಲಿಲ್ಲದೆ ಮರಿ ಸೋತು ಮಲಗಿತ್ತು. ನಾನೇ ಅವರ ನಾಯಿಯನ್ನು ಎಳೆತಂದು ಕುರಿಯ ಎದುರು ಕಟ್ಟಿದೆ. ಹೆದರಿದಾಗ ಮೈಯಲ್ಲಿ ಒತ್ತಡದ ಹಾರ್ಮೋನು ಏರುತ್ತದೆ. ಕೆಲವು ಕುರಿಗಳಿಗೆ ಮರಿ ತಮ್ಮದೆಂದು ಆಗಲೇ ಅನಿಸುವುದು. ಇದೂ ಕಾಲು ಅಪ್ಪಳಿಸಿತು, ಮರಿಗೆ ಅಡ್ಡ ನಿಂತಿತು, ಆಮೇಲೆ ಅದನ್ನು ನೆಕ್ಕಿತು. ಮರಿ ಎದ್ದು ಮೊಲೆಗೆ ಬಾಯಿಟ್ಟಿತು.

ಆ ಹಾರ್ಮೋನು ಎಷ್ಟೇರಿದೆಯೋ ನೋಡುವ ಆಸೆಗೆ, ಕುರಿಯ ರಕ್ತ ತೆಗೆಯಲು ಸೂಜಿ ಹಿಡಿದೆ. ಅಣ್ಣ ನನ್ನ ಕೈ ಹಿಡಿದ. ತಮ್ಮ ಕುರಿಗೆ ಅಡ್ಡ ನಿಂತ.

“ಯಾಕ್ರಿ ಸಾಬ್, ಈಗರೆ ಹಾಲು ಕುಡಸ್ಲಾಕತ್ಯದ!”

“ಅಣ್ಣ ಅನ್ನೂದು ಖರೇ ಅದರಿ. ನೀವು ನಡೀರಿ.”

ನಾಯಿಯೂ ನಾನೂ ದಡ್ಡಿಯ ಹೊರಗೆ ಬಂದೆವು. ಒಳಗೆ ಅಣ್ಣತಮ್ಮಂದಿರು ಮಾತಿಗೆ ಕೂತಿದ್ದರು. ಬೈಯುತ್ತಿದ್ದದ್ದು ನನ್ನನ್ನೇ.